ಹುಳಿ ದ್ರಾಕ್ಷಿಯಲ್ಲಿ ಓಡಿದ ಗಡಿಯಾರ

1998ರ ಮಾತು. ನಾನಾಗ ತಮಿಳುನಾಡಿನ ಕಂಬಂನಲ್ಲಿ ಒಂಬತ್ತನೇ ತರಗತಿ. ಶಾಲೆಯಲ್ಲಿ ತಮಿಳು, ಮನೆಯಲ್ಲಿ ನಮ್ಮ ಕನ್ನಡ. ತೇನಿಯ ವಿಜ್ಞಾನ ಪ್ರದರ್ಶನದಲ್ಲಿ ನಿಂಬೆಹಣ್ಣಿನ ಕರೆಂಟಿನಿಂದ ಪುಟ್ಟ ಡಿಜಿಟಲ್ ಗಡಿಯಾರ ಓಡಿಸುತ್ತೇನೆಂದು ಟೀಚರ ಹತ್ತಿರ ಜಂಭ ಕೊಚ್ಚಿಕೊಂಡಿದ್ದೆ. ಸಂಜೆ ನಿಂಬೆಹಣ್ಣುಗಳಿಗೆ ಸತುವಿನ ಲೇಪದ ಮೊಳೆ, ತಾಮ್ರದ ತಂತಿ ಚುಚ್ಚಿ, ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿಟ್ಟು ಮಲಗಿಬಿಟ್ಟೆ.

ನಮ್ಮ ಕಡೆ ಮೊಳೆ ಚುಚ್ಚಿದ ನಿಂಬೆಹಣ್ಣು ಬಾಗಿಲಲ್ಲಿ ಕಂಡರೆ ಯಾರೋ ಮಾಟ ಮಾಡಿಸಿದ್ದಾರೆಂದೇ ಅರ್ಥ. ಅದು ನನಗೂ ಗೊತ್ತಿತ್ತು. ಆದರೆ ತಲೆ ತುಂಬ ಗಡಿಯಾರವೇ ಇತ್ತು.

ಬೆಳಿಗ್ಗೆ ಅದನ್ನು ಮೊದಲು ಕಂಡವರು ಅತ್ತಿಗೆ. ಅವರಿಗಾಗ ಆರು ತಿಂಗಳು. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ನಾನು ಏಳುವಷ್ಟರಲ್ಲಿ ಅಜ್ಜಿ ಕರ್ಪೂರ ಹಚ್ಚಿ, ಹಣ್ಣುಗಳನ್ನು ಮೊಳೆ ಸಮೇತ ದಾರಿ ಕೂಡುವಲ್ಲಿ ಎಸೆದು ಬಂದಿದ್ದರು.

ನಾನೇ ಇಟ್ಟದ್ದೆಂದು ಹೇಳಿದೆ. ಅಜ್ಜಿ ಚೆನ್ನಾಗಿ ಬೈದರು, ಆದರೆ ನಂಬಿದರು. ಅತ್ತಿಗೆ ನಂಬಲಿಲ್ಲ. "ನನ್ನ ಸಮಾದಾನಕ್ಕೆ ಅಂಗೇಳ್ತೀಯ ಕಣಮ್ಮ," ಎಂದು ಗೋಡೆ ಕಡೆ ತಿರುಗಿ ಮಲಗಿದರು. ಮಧ್ಯಾಹ್ನವಾದರೂ ಗಂಜಿ ಮುಟ್ಟಲಿಲ್ಲ. ಅಣ್ಣ ಗೋಗರೆದು ಸೋತ. ನನಗೆ ಭಯವಾಯಿತು.

ಮಾಡಿಯೇ ತೋರಿಸೋಣವೆಂದರೆ ಮತ್ತೆ ನಿಂಬೆಹಣ್ಣು ಚುಚ್ಚಲು ಅಜ್ಜಿ ಸುತರಾಂ ಒಪ್ಪಲಿಲ್ಲ.

"ನಿಂಗೆ ಹುಳಿ ತಾನೆ ಬೇಕು? ತ್ವಾಟದಾಗೆ ಇಲ್ವಾ?" ಎಂದವರೇ ಹೋಗಿ ಚಪ್ಪರದಿಂದ ಹಸಿ ದ್ರಾಕ್ಷಿ ಗೊಂಚಲು ಕಿತ್ತು ತಂದರು. ಹಣ್ಣಾಗುವ ಮೊದಲು ಗೊಂಚಲು ಮುಟ್ಟಿದರೆ ನಮ್ಮ ಕೈಗೆ ಹೊಡೆಯುತ್ತಿದ್ದ ಅಜ್ಜಿ! ಅವರೇ ಒರಳಲ್ಲಿ ಅರೆದುಕೊಟ್ಟರು. ರಸವನ್ನು ಗಾಜಿನ ಲೋಟಗಳಿಗೆ ಬಸಿದೆ. ಮೊಳೆ ಹೋಗಿತ್ತಲ್ಲ, ಚಪ್ಪರ ಕಟ್ಟಿ ಉಳಿದಿದ್ದ ತಂತಿಗೂ ಸತುವಿನ ಲೇಪ ಇರುತ್ತದೆ, ಅದನ್ನೇ ತುಂಡು ಮಾಡಿ, ಮಿಕ್ಕಿದ್ದ ತಾಮ್ರದ ತಂತಿಯ ಜೊತೆ ಇಳಿಬಿಟ್ಟೆ.

ಅತ್ತಿಗೆಯ ಹಾಸಿಗೆ ಪಕ್ಕದಲ್ಲೇ ಎಲ್ಲ ಜೋಡಿಸಿದೆ. ಗಡಿಯಾರ ಓಡಲಿಲ್ಲ. ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಗಡಿಯಾರಕ್ಕೆ ಸಿಕ್ಕಿಸಿದ್ದ ತಂತಿಯ ತುದಿಗಳನ್ನು ಅದಲುಬದಲು ಮಾಡಿದೆ. ಅಂಕಿಗಳು ಮೂಡಿದವು.

ಅತ್ತಿಗೆ ಎದ್ದು ಕೂತರು. ಒಂದು ತಂತಿಯನ್ನು ತಾವೇ ಮೇಲೆತ್ತಿದರು, ಅಂಕಿ ಹೋಯಿತು. ಮತ್ತೆ ಇಳಿಸಿದರು, ಬಂತು. ಇನ್ನೊಮ್ಮೆ ಎತ್ತಿ ನೋಡಿದರು.

"ಅಂಗಾರೆ ಯಾರೂ ಮಾಡ್ಲಿಲ್ವಾ?"

"ಈ ಕೋತಿನೇ ಮಾಡಿದ್ದು ಕಣವ್ವ," ಎಂದರು ಅಜ್ಜಿ.

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಗಂಜಿ ಕೇಳಿದರು.

ತೇನಿಗೆ ಹೋಗುವಾಗ ಬಸ್ಸಿನ ಕುಲುಕಾಟಕ್ಕೆ ಅರ್ಧ ರಸ ನನ್ನ ಲಂಗದ ಮೇಲೆ ಚೆಲ್ಲಿತು, ಬಹುಮಾನವೂ ಬರಲಿಲ್ಲ. ದೀಪಾವಳಿ ಹೊತ್ತಿಗೆ ಅತ್ತಿಗೆ ಹೆಣ್ಣುಮಗು ಹೆತ್ತರು.

ಈಗ ನಾನು ದಿಂಡಿಗಲ್ಲಿನಲ್ಲಿ ವಿಜ್ಞಾನ ಟೀಚರು. ನಿಂಬೆಹಣ್ಣಿಗೆ ಮೊಳೆ ಚುಚ್ಚುವ ಮುಂಚೆ ಮನೆಯವರಿಗೆಲ್ಲ ಹೇಳಿ ಬನ್ನಿ ಎಂದರೆ ಮಕ್ಕಳು ನಗುತ್ತಾರೆ. ನನಗೆ ನಗು ಬರುವುದಿಲ್ಲ. ತಂತಿಯನ್ನು ಎತ್ತಿ, ಇಳಿಸಿ, ನಂಬಲಾಗದೆ ಮತ್ತೆ ಎತ್ತಿದ ಅತ್ತಿಗೆಯ ಆ ಕೈ ಕಣ್ಣ ಮುಂದೆ ಬರುತ್ತದೆ. ಅವರ ಇನ್ನೊಂದು ಕೈ ಹೊಟ್ಟೆಯ ಮೇಲೇ ಇತ್ತು.