ಅಂಕಲ್‌ಗೆ ಕೇಳಿಸಬೇಕಾಗಿದ್ದ ಗಿಟಾರು

ಈ ಊರಿನ ಸ್ಟುಡಿಯೋದವರ ಫೋನಿನ್ಯಾಗ ನನ್ನ ನಂಬರಿನ ಮುಂದ ನನ್ನ ಹೆಸರಿಲ್ಲ. 'ಗಿಟಾರ್ ಮೇಡಂ, ಎಲ್ಲಾ ಸ್ಟೈಲ್' ಅಂತ ಬರಕೊಂಡಾರ. ಒಬ್ಬಾತ ಫೋನ್ ತೆಗೆದು ನನಗ ತೋರಿಸಿದ್ದ, ದೊಡ್ಡ ಬಿರುದು ಕೊಟ್ಟವನಂಗ. ಮೂವತ್ತು ವರ್ಷ ನಾನೂ ಅದನ್ನ ಬಿರುದು ಅಂತನ ತಿಳಕೊಂಡಿದ್ದೆ. ಮುಂಜಾನೆ ತೆಲುಗು ಸಿನೆಮಾದ ಕುಣಿಯೂ ಹಾಡಿಗೆ ಫಂಕ್, ಊಟ ಆದ ಮ್ಯಾಲೆ ಯಾವುದರೆ ದೇವರ ಹಾಡಿಗೆ ಸಂತೂರಿನಂಗ ಗಿಟಾರು, ಸಂಜೀಗೆ ಬಂಜಾರಾ ಹಿಲ್ಸಿನ ಹೋಟೆಲ್‌ನ್ಯಾಗ ಸೂಪ್ ಕುಡಿಯವರ ಮುಂದ ಜಾಜ್. ಅವರಂಗ ಬಾರಸ್ರಿ ಅಂದ್ರ ಅವರಂಗ, ಇವರಂಗ ಅಂದ್ರ ಇವರಂಗ. ಇಲ್ಲ ಅಂದವಳೇ ಅಲ್ಲ.

ಇದರಾಗ ನನ್ನ ದೊಡ್ಡಸ್ತಿಕಿ ಏನಿಲ್ಲ ಬಿಡ್ರಿ. ಹೈದರಾಬಾದಿನ ಕನ್ನಡದ ಮನ್ಯಾಗ ಹುಟ್ಟಿದವರಿಗೆ ಇದು ಮೊದಲಿಂದ ಬಂದ ರೂಢಿ. ಕಾಯಿಪಲ್ಲೆ ಮಾರವಳ ಜೋಡಿ ತೆಲುಗು, ಆಟೋದವನ ಜೋಡಿ ನಮ್ಮೂರ ಹಿಂದಿ, ಬ್ಯಾಂಕಿನ್ಯಾಗ ಇಂಗ್ಲಿಷ್. ಬಾಗಲಾ ಹಾಕ್ಕೊಂಡ ಮ್ಯಾಲೆ ಅವ್ವನ ಜೋಡಿ ಕನ್ನಡ. ಗಿಟಾರಿನ್ಯಾಗ ಮಾತ್ರ ನನಗ ಬಾಗಲಾ ಹಾಕ್ಕೊಂಡು ಆಡೂ ಮಾತು ಇರಲಿಲ್ಲ. ಅದು ಇಲ್ಲ ಅನ್ನೂದು ಗೊತ್ತಾಗಿದ್ದು ಹೋದ ವರ್ಷ, ಐವತ್ತೆರಡನೇ ವಯಸ್ಸಿನ್ಯಾಗ.

ನನಗ ಗಿಟಾರ್ ಕಲಿಸಿದವರು ಲಾಲಾಗುಡದ ರೈಲ್ವೆ ಕ್ವಾರ್ಟರ್ಸಿನ್ಯಾಗ ನಮ್ಮ ಪಕ್ಕದ ಮನಿಯವರು, ಒಬ್ಬರು ಆಂಗ್ಲೋ ಇಂಡಿಯನ್ ಅಂಕಲ್. ಗೂಡ್ಸ್ ಗಾಡಿಯ ಗಾರ್ಡ್. ನಮ್ಮಪ್ಪ ರೈಲ್ವೆ ಆಫೀಸಿನ್ಯಾಗ ಗುಮಾಸ್ತ. ಎರಡೂ ಮನಿಗೆ ನಡುವ ಒಂದ ಗ್ವಾಡಿ. ಅಂಕಲ್ ಡ್ಯೂಟಿ ಮುಗಿಸಿ ಬಂದು ಹಿತ್ತಲದಾಗ ಕೂತು ಗಿಟಾರಿನ್ಯಾಗ ಜಾಜ್ ಬಾರಸತಿದ್ರು, ಈ ಕಡೆ ನಾ ಗ್ವಾಡಿಗೆ ಬೆನ್ನು ಹಚ್ಚಿ ಕೂತು ಕೇಳತಿದ್ದೆ. ದಿನಾ ಬಿಸಿಲು ಕುಡಿದ ಗ್ವಾಡಿ ಸಂಜೀತನಕ ಬೆಚ್ಚಗಿರತಿತ್ತು. ಸ್ವರ ಕಿವಿಯಿಂದ ಬರಾಕತ್ತಾವೋ ಬೆನ್ನಿನಿಂದ ಬರಾಕತ್ತಾವೋ ತಿಳೀತಿರಲಿಲ್ಲ. ಹಂಗ ಕೂತಲ್ಲೇ ಕಣ್ಣು ಮುಚ್ಚಿ, ನಿದ್ದಿನೂ ಅಲ್ಲ ಎಚ್ಚರನೂ ಅಲ್ಲ, ಎಷ್ಟೋ ಹೊತ್ತು. ಇವತ್ತಿಗೂ ಜಾಜ್ ಅಂದ ಕೂಡಲೇ ನನಗ ಮೊದಲು ಆ ಗ್ವಾಡಿಯ ಸುಣ್ಣದ ವಾಸನಿ ಬರತೈತಿ.

ಒಂದಿನ ಅವ್ವ ಅವರ ಮನಿಗೆ ಹಚ್ಚಿದ ಅವಲಕ್ಕಿ ಕೊಟ್ಟು ಕಳಿಸಿದ್ಲು. ವಾಪಸ್ ಬರಾಕ ನನಗ ಎರಡು ತಾಸು ಹತ್ತಿತು. ಅಲ್ಲಿಂದ ಶುರು. ಅಂಕಲ್ ಮೊದಲು ಹಾಡು ಕಲಿಸಲಿಲ್ಲ. ಬಲಗೈ ಗಾಡಿ ಗಾಲಿಯಂಗ ತಿರುಗತಿರಬೇಕು, ಎಡಗೈ ಬೆರಳು ತಂತಿ ಮ್ಯಾಲೆ ಸುಮ್ಮ ಮುಟ್ಟಿಕೊಂಡಿರಬೇಕು, ಒತ್ತಬಾರದು. ಚಕ್ ಚಕ್ ಅಂತ ಒಣಾ ಸದ್ದು, ನಡುವ ಎಲ್ಲೋ ಒಂದ್ಕಡೆ ಒಂದ ಸ್ವರ. ಫಂಕ್ ಅಂದ್ರ ಇದು ಅಂದ್ರು. ಮೂರು ತಿಂಗಳು ಬರೇ ಚಕ್ ಚಕ್. ನಮ್ಮಪ್ಪ ಪಾಪ ಒಂದಿನ ಭಾಳ ಮೆತ್ತಗ ಕೇಳಿದ್ರು, ಹಾಡು ಯಾವಾಗ ಶುರು ಆಗತೈತವಾ ಅಂತ.

ಆ ಅಂಕಲ್‌ಗೆ ಈಗ ಎಂಬತ್ತರ ಮ್ಯಾಲೆ ಆಗೈತಿ. ಮಗಳು ಆಸ್ಟ್ರೇಲಿಯಾದಾಗ ಅದಾಳ, ಅಲ್ಲೇ ಹೋಗಿ ಇರೂದು ಅಂತ ಹೋದ ವರ್ಷ ಗಟ್ಟಿ ಆತು. ಅದನ್ನ ಹೇಳಾಕ ಫೋನ್ ಮಾಡಿದ್ರು. ಹವಾ ಪಾಣಿ ವಿಚಾರ ಎಲ್ಲಾ ಆದ ಮ್ಯಾಲೆ ಅವರ ಹಿಂದಿಯೊಳಗ ಒಂದು ಮಾತಂದ್ರು. "ಬೇಟಾ, ನೀ ಬಾರಿಸಿದ್ದೆಲ್ಲಾ ಕೇಳೀನಿ. ಅದರಾಗ ಎಲ್ಲಾರೂ ಅದಾರ. ನಾ ಹೋಗೂ ಮುಂಚೆ ನಿಂದು ಒಂದು ಕೇಳಿಸು."

ಸಿಟ್ಟು ನೆತ್ತಿಗೇರಿತು. ನನಗ ಸಿಟ್ಟು ಬರೂದು ಹೊಸಾದಲ್ಲ, ಆದರ ಅಂಕಲ್ ಮ್ಯಾಲೆ ಬಂದದ್ದು ಅದ ಮೊದಲು. ತೋರಸೇಬಿಡೂಣು ಅಂತ ಗಿಟಾರ್ ತಗೊಂಡು ಕೂತೆ. ನಾಲ್ಕು ಸ್ವರ ಬಾರಿಸೂದರಾಗ ಯಾವನೋ ಹಳೇ ಜಾಜಿನವನು ನನ್ನ ಬೆರಳಿನ್ಯಾಗ ಬಂದು ಕೂತ. ಅವನ್ನ ಎಬ್ಬಿಸಿ ಕಳಿಸಿದೆ. ಹೋದ ತಿಂಗಳ ಸಿನೆಮಾ ಬಂತು. ಅದನ್ನೂ ಕಳಿಸಿದ್ರ ಅಂಕಲ್ಲೇ ಬಂದ್ರು, ಅವರದ ಬೆರಳು, ಅವರದ ನಡಿಗಿ. ಹನ್ನೆರಡು ದಿನ ಹಿಂಗ ಹೋದ್ವು. ಅಂಕಲ್ ಹೊರಡೂದು ಬರೂ ಐತವಾರ. ನನಗ ಖರೇನ ಅಂಜಿಕಿ ಆತು. ಮೂವತ್ತು ವರ್ಷ ಊರ ಮಂದಿಯಂಗೆಲ್ಲಾ ಬಾರಿಸಿ, ಕಡೀಕ ಕಲಿಸಿದವರ ಮುಂದ ಬರೇ ಕೈಲೆ ಹೋಗಿ ನಿಂದ್ರೂದೇನು?

ಗುರುವಾರ ಮಣಿಕೊಂಡದ ಒಂದು ಸ್ಟುಡಿಯೋದಾಗ ಕೆಲಸ ಇತ್ತು. ಹಾಡೂ ಹುಡುಗಿ ಲಿಂಗಂಪಲ್ಲಿ ಕಡೆಯಿಂದ ಬರಬೇಕು, ದಾರ್ಯಾಗ ಟ್ರಾಫಿಕ್‌ನ್ಯಾಗ ಸಿಕ್ಕೊಂಡೀನಿ ಅಂತ ಫೋನ್ ಮಾಡಿದ್ಲು. ರೆಕಾರ್ಡಿಂಗ್ ಮಾಡವರು, ಮೇಡಂ ಅಷ್ಟರಾಗ ಪೈಲಟ್ ಹಾಕಿಬಿಡ್ರಿ ಅಂದ್ರು. ನಮ್ಮ ಧಂದೇದಾಗ ಪೈಲಟ್ ಅಂದ್ರ, ಹಾಡವರಿಗೆ ದಾರಿ ಗೊತ್ತಾಗಲಿ ಅಂತ ಮೊದಲು ಹಾಕೂ ಕಚ್ಚಾ ಗಿಟಾರು. ಅವರು ಅದನ್ನ ಕಿವಿಯಾಗ ಕೇಳಕೋತ ಹಾಡತಾರ. ಹಾಡಿದ ಮ್ಯಾಲೆ ಅದನ್ನ ಅಳಿಸಿ, ಅಲ್ಲಿ ಖರೇ ಗಿಟಾರ್ ಬಾರಸತೀವಿ. ಪೈಲಟ್ ಯಾರೂ ಕೇಳಂಗಿಲ್ಲ, ಅದಕ್ಕ ಯಾರಂಗ ಬಾರಸಬೇಕು ಅಂತ ಯಾರೂ ಹೇಳಂಗಿಲ್ಲ.

ಮಧ್ಯಾಹ್ನದ ಮೊಸರನ್ನ ಹೊಟ್ಟ್ಯಾಗಿತ್ತು. ಎಸಿ ಸಣ್ಣಗ ಗುಂಯ್ ಅನ್ನಾಕತ್ತಿತ್ತು. ದೀಪಾನೂ ಅರ್ಧ ಆರಿಸಿದ್ರು. ಕಣ್ಣು ಮುಚ್ಚಿ ಬಾರಸಾಕತ್ತಿದೆ. ಎಲ್ಲೆ ಅದೀನಿ ಅನ್ನೂದು ಸ್ವಲ್ಪ ಸ್ವಲ್ಪ ಮರೀತು. ಒಂದು ಸ್ವರ ಆದ ಮ್ಯಾಲೆ ಮುಂದಿಂದಕ್ಕ ಅವಸರ ಇರಲಿಲ್ಲ, ಅದು ಬಂದಾಗ ಬರಲಿ ಅಂತ ಬಿಟ್ಟಿದ್ದೆ. ಬಂದದ್ದು ಯಾವ ಊರಿಂದು ಅಂತ ನಾ ಕೇಳಲಿಲ್ಲ. ನೀರಾಗ ಕಾಲು ಇಳಿಬಿಟ್ಟು ಕೂತಂಗ ಇತ್ತು. ಬಾರಿಸಿ ಮುಗದಾಗ ನಾಲ್ಕು ನಿಮಿಷ ಆಗಿತ್ತಂತ. ನನಗ ಅದು ಒಂದು ಮಧ್ಯಾಹ್ನ ಪೂರ್ತಿ ಅನಿಸಿತ್ತು. ಆಕಳಿಸಿ, ಚಹಾ ಕುಡಿಯಾಕ ಹೋದೆ.

ಹುಡುಗಿ ಬಂದ್ಲು, ಸೀದಾ ಒಳಗ ಹೋಗಿ ಒಂದೇ ಸಲಕ್ಕ ಹಾಡಿ ಮುಗಿಸಿದ್ಲು. ಆಕಿ ಇನ್ನೂ ಒಳಗ ಹೆಡ್‌ಫೋನ್ ತೆಗ್ಯಾಕತ್ತಿದ್ದಾಗ ನಾ ಹೊರಗ ಪೈಲಟ್ ಅಳಸಾಕ ಹೇಳಿದೆ. ಸುಮ್ಮ ಹೇಳಲಿಲ್ಲ, ತಲೀ ಮ್ಯಾಲೆ ನಿಂತು ಅಳಸಿಸಿದೆ. ಹಿಂದೊಮ್ಮೆ ನನ್ನ ಒಂದು ಪೈಲಟ್ ಅಳಸೂದು ಬಿಟ್ಟು ಹಂಗ ಹಾಡಿನ್ಯಾಗ ಹೊರಬಿದ್ದು, ಆ ಸಂಗೀತ ನಿರ್ದೇಶಕರು ನಾಲ್ಕು ಮಂದಿ ಮುಂದ ನನ್ನ ಮಾನಾ ಕಳದಿದ್ರು. ಆವಾಗಿಂದ ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ ಅದನ್ನ ತೆಗಿಸೂತನಕ ನಾ ಅಲ್ಲಿಂದ ಅಲುಗಂಗಿಲ್ಲ. ಅವತ್ತೂ ಅಲುಗಲಿಲ್ಲ.

ಹುಡುಗಿ ಹೊರಗ ಬಂದವಳೇ ನನ್ನ ಕೈ ಹಿಡದ್ಲು. ಕಣ್ಣು ಒದ್ದಿ ಆಗಿದ್ವು. "ಅಕ್ಕಾ, ನನ್ನ ಕಿವಿಯಾಗ ಬಾರಸಾಕತ್ತಿದ್ದು ಯಾರು?" ಅಂತ ತೆಲುಗಿನ್ಯಾಗ ಕೇಳಿದ್ಲು. ನಾನೇ ಅಂದೆ. ಇಲ್ಲಕ್ಕಾ, ನಿಮ್ಮ ಗಿಟಾರ್ ನನಗ ಗೊತ್ತೈತಿ, ಇದು ಬ್ಯಾರೆ ಯಾರೋ, ಇನ್ನೊಮ್ಮೆ ಹಚ್ರಿ ಕೇಳೂಣು ಅಂದ್ಲು.

ರೆಕಾರ್ಡಿಂಗ್ ಮಾಡವರು ನನ್ನ ಮಾರಿ ನೋಡಿದ್ರು, ನಾ ಅವರ ಮಾರಿ ನೋಡಿದೆ. ಮತ್ತ ಅಲ್ಲೇ ಕೂತು ಎರಡು ಸರ್ತಿ ಬಾರಿಸಿದೆ. ಎರಡೂ ಸರ್ತಿ ಹಳೇ ಮಂದಿನ ಬಂದ್ರು. ಎಲಾ ಹುಚ್ಚಿ, ಹನ್ನೆರಡು ದಿನ ಹುಡುಕಿದ್ದನ್ನ ನಿಂತು ಅಳಿಸಿದೆಲ್ಲ ಅಂತ ನನ್ನ ನಾ ಬೈಕೊಂಡೆ. ಅವರಿಗೆ ಬೇಕಾದಂಥಾ ಗಿಟಾರ್ ಬಾರಿಸಿ ಕೊಟ್ಟು, ಹುಡುಗಿ ದನಿಯಷ್ಟನ್ನ ನನ್ನ ಫೋನಿಗೆ ಹಾಕ್ಕೊಡ್ರಿ ಅಂತ ಕೇಳಿದೆ. ಯಾಕ ಕೇಳಿದೆ ಅಂತ ನನಗೂ ಗೊತ್ತಿರಲಿಲ್ಲ.

ಶನಿವಾರ ಮುಂಜಾನೆ ಲಾಲಾಗುಡಕ್ಕ, ರಿಟೈರ್ ಆದ ಮ್ಯಾಲೆ ಅಂಕಲ್ ಮಾಡಿದ್ದ ಮನಿಗೆ ಹೋದೆ. ಮನಿ ತುಂಬ ಸಾಮಾನು ಕಟ್ಟಿದ ದೊಡ್ಡ ರಟ್ಟಿನ ಡಬ್ಬಿ. ಅಂಕಲ್ ಒಂದರ ಮ್ಯಾಲೆ ತಾವು ಕೂತು, ಇನ್ನೊಂದು ನನಗ ತೋರಿಸಿದ್ರು. ಮುಚ್ಚುಮರಿ ಇಲ್ಲದ ಎಲ್ಲಾ ಹೇಳಿದೆ. ಅಳಿಸಿದ್ದು ನಾನೇ ಅಂದಾಗ ಕೆಮ್ಮು ಬರೂತನಕ ನಕ್ಕರು. ಗಾರ್ಡ್ ಗಾಡಿಗೆ ಹಸಿರು ಬಾವುಟ ತೋರಿಸಿ ತಾನು ಪ್ಲಾಟ್‌ಫಾರ್ಮಿನ ಮ್ಯಾಲೆ ಉಳದಂಗಾತು ಅಂದ್ರು. ನನಗೇನು ನಗು ಬರಲಿಲ್ಲ. ನನ್ನ ಹತ್ತಿರ ನಿಮಗ ಕೇಳಸಾಕ ಏನೂ ಇಲ್ಲ ಅಂಕಲ್, ಇದಿಷ್ಟು ಉಳದೈತಿ ಅಂತ ಫೋನ್ ಹಚ್ಚಿ ಡಬ್ಬಿ ಮ್ಯಾಲೆ ಇಟ್ಟೆ.

ಬರೇ ದನಿ. ಗಿಟಾರ್ ಇಲ್ಲ, ತಾಳ ಇಲ್ಲ. ಹುಡುಗಿ ಒಂದು ಸಾಲು ಹಾಡಿ ಸುಮ್ಮನಾಗತಿದ್ಲು, ಮತ್ತ ಹಾಡತಿದ್ಲು. ಕೆಲವು ಕಡೆ ಸುಮ್ಮನಾದವಳು ಭಾಳ ಹೊತ್ತು ಬರತಿರಲಿಲ್ಲ. ಅಂಕಲ್ ನಗೂದು ಬಿಟ್ಟು ತಲಿ ಬಗ್ಗಿಸಿ ಕೇಳಾಕತ್ತಿದ್ರು.

"ಈ ಹುಡುಗಿ ಯಾರಿಗೋ ಕಾಯಾಕತ್ತಾಳ," ಅಂದ್ರು.

"ನನಗ," ಅಂದೆ. ಆಕಿ ಸುಮ್ಮನಾದಲ್ಲೆಲ್ಲಾ ನಾ ಅಳಿಸಿದ ಗಿಟಾರ್ ಇತ್ತು.

ಅವರು ಎದ್ದು, ವಿಮಾನಕ್ಕಂತ ಬಿಗಿದು ಕಟ್ಟಿದ್ದ ತಮ್ಮ ಗಿಟಾರಿನ ಪೆಟ್ಟಿಗಿ ಬೆಲ್ಟು ಬಿಚ್ಚಿದ್ರು. ಗಿಟಾರ್ ನನ್ನ ಕೈಯಾಗ ಕೊಟ್ಟು, ಫೋನ್ ಮೊದಲಿಂದ ಹಚ್ಚಿದ್ರು. ನಾ ಏನೂ ಹುಡುಕಲಿಲ್ಲ. ಆಕಿ ಎಲ್ಲೆಲ್ಲೆ ಕಾದಿದ್ಲೋ ಅಲ್ಲಲ್ಲೆ ಹೋದೆ. ಗುರುವಾರದ್ದ ಬಂತೋ, ಬ್ಯಾರೆ ಏನೋ ಬಂತೋ, ಆಣಿ ಮಾಡಿ ಹೇಳಂತ ಕೇಳಿದ್ರ ನನಗ ಗೊತ್ತಿಲ್ರಿ. ಆದರ ಅವತ್ತು ನನ್ನ ಬೆರಳಿನ್ಯಾಗ ಯಾವನೂ ಬಂದು ಕೂಡಲಿಲ್ಲ.

ಹಾಡು ಮುಗೀತು. ಅಂಕಲ್ ನನ್ನ ಎಡಗೈ ತಗೊಂಡು, ಬೆರಳು ಒಂದೊಂದ ಮಡಚಿ ಬಿಡಿಸಿ ನೋಡಿದ್ರು.

"ಇದನ್ನ ನಾ ನಿನಗ ಕಲಿಸಿಲ್ಲ," ಅಂದ್ರು.

ನಾ ಅವರ ಗಿಟಾರಿನ ಮ್ಯಾಲೆ ಹಣಿ ಇಟ್ಟು, ಸಣ್ಣ ಹುಡುಗಿಯಂಗ ಅತ್ತೆ.