ದ್ರಾಕ್ಷಾಯಣಿಗೆ ಬೇಡವಾಗಿದ್ದ ಎ ಗ್ರೇಡ್

ಟೊರ್ರಿ ಪೈನ್ಸ್‌ನ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದ ದ್ರಾಕ್ಷಾಯಣಿ 2022ರಲ್ಲಿ ಸ್ಯಾನ್ ಡಿಯಾಗೊ ಪಕ್ಕದ ಸಣ್ಣ ನಗರವೊಂದರ ಕೌನ್ಸಿಲ್‌ಗೆ ನಿಂತರು. ಮನೆಯಲ್ಲಿ ಬಂದೂಕು ಇರುವವರು ಅದನ್ನು ಬೀಗ ಹಾಕಿಯೇ ಇಡಬೇಕೆಂಬ ನಿಯಮ ತರುತ್ತೇನೆಂದು ಶಾಲಾ ಮಕ್ಕಳ ತಾಯಂದಿರಿಗೆ ಮಾತು ಕೊಟ್ಟಿದ್ದರು. ಮನೆ ಮನೆಗೆ ಹೋಗಿ ಹೇಳಿದ್ದೂ ಅದನ್ನೇ.

ಆಗಸ್ಟಿನಲ್ಲಿ ಬಂದೂಕು ಮಾಲೀಕರ ಸಂಘವೊಂದರಿಂದ ಪ್ರಶ್ನಾವಳಿ ಬಂತು. ಆಗಲೇ ಕೌನ್ಸಿಲ್‌ನಲ್ಲಿರುವ ಹಳಬರಾದರೆ ಅವರು ಸಭೆಯಲ್ಲಿ ಹಾಕಿದ ಮತಗಳನ್ನು ನೋಡಿ ಸಂಘ ಗ್ರೇಡ್ ಕೊಡುತ್ತದೆ. ಹೊಸಬರಿಗೆ ಉತ್ತರಗಳೇ ಆಧಾರ. ಎ ಎಂದರೆ ನಮ್ಮವರು, ಎಫ್ ಎಂದರೆ ವಿರೋಧಿಗಳು. ಉತ್ತರಿಸದವರಿಗೂ ಎಫ್. ದ್ರಾಕ್ಷಾಯಣಿ ಬೇಕೆಂದೇ ಉತ್ತರಿಸಲಿಲ್ಲ. ಸಂಘದ ವೆಬ್‌ಸೈಟಿನಲ್ಲಿ ಎಫ್ ಕಾಣಿಸಿಕೊಂಡಾಗ ತಾಯಂದಿರ ಗುಂಪು ಅವರನ್ನು ಬೆಂಬಲಿಸಿತು.

ಅಕ್ಟೋಬರ್ ಮಧ್ಯಭಾಗ. ಅಂಚೆ ಮತಪತ್ರಗಳು ಆಗಲೇ ಮನೆಗಳನ್ನು ತಲುಪಿದ್ದವು. ಆ ಗುಂಪಿನ ಮುಂದಾಳು, ಪ್ರೈಮರಿ ಶಾಲೆಯ ಶಿಕ್ಷಕಿ ನಿಹಾರಿಕಾ, ಕರ್ನಿ ಮೆಸಾದ ಹೋಟೆಲೊಂದಕ್ಕೆ ಬರಹೇಳಿ ಮೇಜಿನ ಮೇಲೆ ಒಂದು ಕಾರ್ಡ್ ಇಟ್ಟಳು. ಸಂಘ ತನ್ನ ಸದಸ್ಯರ ನಾಲ್ಕು ಸಾವಿರ ಮನೆಗಳಿಗೆ ಕಳಿಸಿದ್ದು. ದ್ರಾಕ್ಷಾಯಣಿಯ ಫೋಟೊ, ಪಕ್ಕದಲ್ಲಿ ಅಂಗೈಯಗಲದ ಎ.

"ಆಂಟಿ, ಏನಿದು?"

"ಪ್ರಿಂಟ್ ತಪ್ಪಾಗಿರಬೇಕವ್ವಾ."

"ಹಿಂದೆ ನೋಡಿ."

ಹಿಂದೆ ಅವರ ಹೆಸರಿನಲ್ಲಿ ಪ್ರಶ್ನಾವಳಿಯ ಉತ್ತರಗಳಿದ್ದವು. ಬೀಗ ಕಡ್ಡಾಯ ಮಾಡುವುದನ್ನು ವಿರೋಧಿಸುತ್ತೀರಾ? ಹೌದು. ಕೆಳಗೆ ಸಹಿ.

"ಸೈನ್ ನಿಮ್ಮದೇ ಅಲ್ವಾ?"

ದ್ರಾಕ್ಷಾಯಣಿ ಕಾರ್ಡನ್ನು ಹತ್ತಿರ ಹಿಡಿದು ನೋಡಿದರು. ಅವರ ಸಹಿಯ ಬಾಲ ಎಡಕ್ಕೆ ತಿರುಗುತ್ತದೆ. ಇದು ಬಲಕ್ಕೆ ತಿರುಗಿತ್ತು. ಹಾಗೆ ಬರೆಯುವ ಒಬ್ಬರನ್ನು ಅವರು ಬಲ್ಲರು. ಗಂಡ ವೀರಭದ್ರಪ್ಪ, ಟೆಲಿಕಾಂ ಎಂಜಿನಿಯರ್. ಚುನಾವಣೆಯ ಇಮೇಲ್ ನೋಡಿಕೊಳ್ಳುತ್ತಿದ್ದವರೂ ಅವರೇ.

ಮನೆಗೆ ಬಂದವರೇ ಕಾರ್ಡನ್ನು ಗಂಡನ ಮುಂದೆ ಹಿಡಿದರು. "ರೀ, ಇದನ್ನ ಯಾರ್ ಬರದಾರ?"

ವೀರಭದ್ರಪ್ಪ ಕಾರ್ಡ್ ನೋಡಿ ನಕ್ಕರು. "ಎ ಬಂತೇನ? ನಾನ ಬರದೀನಿ. ಹೋದ ಸಲ ಎ ತಗೊಂಡವರ ಉತ್ತರ ಎಲ್ಲಾ ಓದಿ ತಯಾರಾಗಿದ್ದೆ."

"ಯಾಕ್ರೀ?"

"ಹೋದ ತಿಂಗಳ ಪಿಕ್ನಿಕ್‌ನ್ಯಾಗ ನನ್ನ ಸಾಲಿ ದೋಸ್ತ ಕೇಶವಮೂರ್ತಿ ಏನಂದ ಗೊತ್ತೇನ? 'ಎಸ್ಸೆಸ್ಸೆಲ್ಸಿ ಬೋರ್ಡ್‌ಗೇ ರ‍್ಯಾಂಕ್ ಬಂದಾವ ನೀ, ನಿನ್ನ ಹೇಣ್ತಿ ಎಫ್ ತಗೊಂಡು ಕುಂತಾಳಲ್ಲೋ!' ನಾಲ್ಕು ಮಂದ್ಯಾಗ ಮಾರಿ ಎತ್ತಾಕ ಆಗಲಿಲ್ಲ."

"ಅದು ಪರೀಕ್ಷಾ ಅಲ್ರೀ. ಎಫ್ ನನಗ ಬೇಕಾಗಿತ್ತು."

ವೀರಭದ್ರಪ್ಪನವರ ನಗು ನಿಂತಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಪ್ರಶ್ನೆಯೊಂದನ್ನು ಖಾಲಿ ಬಿಟ್ಟವರಲ್ಲ. ಕೆಟ್ಟ ಗ್ರೇಡನ್ನು ಯಾರಾದರೂ ಬಯಸಿ ಪಡೆಯಬಹುದೆಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ.

ಸಂಘದ ಕಚೇರಿಯವರು ಫೋನಿನಲ್ಲಿ ಸೌಜನ್ಯದಿಂದಲೇ ಮಾತಾಡಿದರು. ಗ್ರೇಡ್ ತೆಗೆಯಬೇಕಾದರೆ ಸಹಿ ಹಾಕಿದವರು ಯಾರೆಂದು ಲಿಖಿತವಾಗಿ ತಿಳಿಸಬೇಕು.

"ನನ್ನ ಹೆಸರು ಹಾಕ್ತೀ? ಆಫೀಸಿನ್ಯಾಗ ಗೊತ್ತಾದ್ರ?"

"ನಾ ಹಾಕೂದಿಲ್ಲ. ನೀವ ಹಾಕ್ರಿ."

ವೀರಭದ್ರಪ್ಪ ಬರೆದುಕೊಟ್ಟರು. ದ್ರಾಕ್ಷಾಯಣಿ ಅದರ ಪ್ರತಿಯನ್ನು ತಾಯಂದಿರ ಗುಂಪಿಗೂ ಸ್ಥಳೀಯ ಪತ್ರಿಕೆಗೂ ಕಳಿಸಿದರು. ಆರನೆಯ ದಿನ ವೆಬ್‌ಸೈಟಿನಿಂದ ಎ ಹೋಯಿತು. ಅಷ್ಟರಲ್ಲಿ ಸಾವಿರಾರು ಮತಪತ್ರಗಳು ತುಂಬಿ ವಾಪಸು ಹೋಗಿದ್ದವು. ನಾಲ್ಕು ಸಾವಿರ ಕಾರ್ಡುಗಳನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ.

ಎಣಿಕೆ ಮುಗಿಯಲು ಎರಡು ವಾರ ಹಿಡಿಯಿತು. ದ್ರಾಕ್ಷಾಯಣಿ ಅರವತ್ತೊಂದು ಮತಗಳಿಂದ ಗೆದ್ದರು.

ನಿಹಾರಿಕಾ ಫೋನ್ ಮಾಡಿದಳು. "ಕಂಗ್ರಾಜುಲೇಷನ್ಸ್ ಆಂಟಿ." ಆಮೇಲೆ ಕೇಳಿದಳು: "ಆ ಕಾರ್ಡ್ ನೋಡಿ ಎಷ್ಟು ಜನ ನಿಮಗೆ ವೋಟು ಹಾಕಿರಬಹುದು?"

"ಗೊತ್ತಿಲ್ಲವ್ವಾ," ಎಂದರು ದ್ರಾಕ್ಷಾಯಣಿ.