ಮಗ್ಗದ ಸದ್ದಿನೊಳಗಿನ ದೇವರನಾಮ

ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಗೆ ಮೋಟರ್ ರಿಪೇರಿಗೆ ಹೋಗಿದ್ದೆ. ಒಳಗೆ ಕಿವಿ ಕಿತ್ತುಹೋಗುವಷ್ಟು ಸದ್ದು. ಮೇನ್ ಸ್ವಿಚ್ ಆಫ್ ಮಾಡಿದೆ. ಮಗ್ಗಗಳು ನಿಂತವು, ನೇಯುತ್ತಿದ್ದ ಹೆಂಗಸಿನ ಹಾಡು ಮಾತ್ರ ನಿಲ್ಲಲಿಲ್ಲ. ಒಡಕು ದನಿಯಲ್ಲಿ, ಗಂಟಲು ಹರಿಯುವ ಹಾಗೆ ದೇವರನಾಮ ಹಾಡುತ್ತಿದ್ದವರು ಸದ್ದು ನಿಂತದ್ದು ಗೊತ್ತಾದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಚೆನ್ನಾಗಿತ್ತು, ಹಾಡಿ ಅಮ್ಮ,” ಎಂದೆ.

“ಸುಳ್ಳು ಹೇಳ್ಬೇಡ ಕಣಪ್ಪ. ಶ್ರುತಿ ಸೇರಲ್ಲ ಅಂತ ಭಜನೆ ಮಂಡಳೀಲಿ ನನ್ನ ಕೈಗೆ ತಾಳ ಕೊಟ್ಟು ಕೂರಿಸ್ಬಿಟ್ಟವ್ರೆ. ಹಾಡೋದೆಲ್ಲ ಇಲ್ಲೇ.”

“ಈ ಸದ್ದಲ್ಲಿ ಯಾರಿಗೆ ಕೇಳ್ಸುತ್ತೆ?”

“ಕೇಳ್ಸಬೇಕಾದೋನಿಗೆ ಕೇಳ್ಸುತ್ತೆ. ನಿಂಗೆ ಕೇಳ್ಸಿದ್ದೇ ಎಡವಟ್ಟಾಯ್ತು,” ಎಂದು ನಕ್ಕರು.

ಮೋಟರ್ ಸರಿಹೋಯಿತು. ಮಗ್ಗಗಳು ಮತ್ತೆ ಶುರುವಾದವು, ಅವರ ತುಟಿಗಳೂ ಆಡತೊಡಗಿದವು. ನನಗೆ ಒಂದಕ್ಷರವೂ ಕೇಳಲಿಲ್ಲ. ಯಾಕೋ, ದೇವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.